ಬದನೆಕಾಯಿ ಬಣ್ಣದ ಕಾರಿನ ಹತ್ತೊಂಬತ್ತು ಕುಂದುಗಳು

ಕಳೆದ ಶ್ರಾವಣದಲ್ಲಿ ಮೊಮ್ಮಗಳು ನನಗೆ ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದಳು. ಬಲಗೈಯ ತೋರುಬೆರಳೊಂದೇ ಕೆಲಸ ಮಾಡುತ್ತದೆ. ಒತ್ತಕ್ಷರ ಬಂದರೆ ಉಸಿರು ಬಿಗಿಹಿಡಿಯುತ್ತೇನೆ. ಕಲಿತ ಮೊದಲ ವಾರದಲ್ಲೇ ಬೀಗರ ಗುಂಪಿನಲ್ಲಿ ಮೂವರನ್ನು ಸಿಟ್ಟಿಗೆಬ್ಬಿಸಿದೆ. ಆಮೇಲೆ ಅವಳು ನನಗೊಂದು ನಿಯಮ ಹಾಕಿದಳು.

"ಅಜ್ಜಿ, ಕಳಸೂಕಿಂತ ಮೊದ್ಲ ಒಂದ್ಸಲ ಓದು. ಓದಿದ ಮ್ಯಾಲೆ ಕಳಸಬ್ಯಾಡ."

ಒಂದು ಮಧ್ಯಾಹ್ನ ನಾನು ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದೆ. ಅವಳು ಬಂದು ತನ್ನ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ನೋಡಿಲ್ಲೆ, ಇದು ಅಜ್ಜಾನ ಕಾರ್ ಅಲ್ಲೇನು?"

ಹೌದು, ಅದೇ. ಉದ್ದ ಮೂತಿ, ಹಿಂದಕ್ಕೆ ಇಳಿಜಾರಾದ ಬೆನ್ನು, ಎರಡೇ ಬಾಗಿಲು, ಬಲಿತ ಬದನೆಕಾಯಿಯ ಬಣ್ಣ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು 'ಅಜ್ಜನ ಕಾರು' ಎನ್ನುತ್ತಿದ್ದರೂ ಅದು ಒಂದು ದಿನಕ್ಕೂ ನಮ್ಮದಾಗಿರಲಿಲ್ಲ. ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಬಂಗಲೆಯ ಸಾಹೇಬರದು ಅದು. ನನ್ನ ಗಂಡ ಅದನ್ನು ರಿಪೇರಿ ಮಾಡುತ್ತಿದ್ದರು. ಈಗ ಸಾಹೇಬರೂ ಇಲ್ಲ, ನನ್ನ ಗಂಡನೂ ಇಲ್ಲ. ಸಾಹೇಬರ ಮಗಳು ಕಾರನ್ನು ಮಾರಾಟಕ್ಕಿಟ್ಟು ಜಾಹೀರಾತು ಹಾಕಿದ್ದಳು.

ಜಾಹೀರಾತು ಇಂಗ್ಲಿಷಿನಲ್ಲಿತ್ತು. ಮೊಮ್ಮಗಳು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಇಟಲಿಯಲ್ಲಿ ಕೈಯಿಂದ ಕಟ್ಟಿದ ಕಾರು. ಇಂಥ ಎರಡು ಬಾಗಿಲಿನದಕ್ಕೆ ಕೂಪೆ ಎನ್ನುತ್ತಾರೆ. ದೇಶದಲ್ಲಿ ಇದೊಂದೇ ಇರುವುದು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಮನೆಯಲ್ಲಿ ಇದ್ದದ್ದು. ನಖಶಿಖಾಂತ ಅಸಲಿ. ಯಾವ ಸ್ಥಳೀಯ ಮೆಕ್ಯಾನಿಕ್‌ನ ಕೈಯೂ ತಾಗಿಲ್ಲ.

"ಕಡೀದು ಇನ್ನೊಮ್ಮೆ ಓದು."

ಓದಿದಳು.

"ಸ್ಥಳೀಯ ಅಂದ್ರ?"

"ಲೋಕಲ್, ಅಜ್ಜಿ. ಇಲ್ಲಿಯವರು."

"ಕೈ ತಾಗಿಲ್ಲ ಅಂದ್ರ?"

"ನಿನಗ ತಿಳದದ. ನನ್ನ ಬಾಯಿಂದ ಯಾಕ ಹೇಳಸ್ತಿ?"

ನನ್ನ ಗಂಡ ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ ಮಿಲಿಟರಿಯ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಲೇಥ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆಯುವ ಕೆಲಸ. ಹುಟ್ಟಿದ್ದು ಬೆಳಗಾವಿಯಲ್ಲಿ. ಅಲ್ಲಿ ಅವರ ದೊಡ್ಡಪ್ಪನ ಮಗನ ಎರಕದ ಕಾರ್ಖಾನೆ ಇತ್ತು. ಕರಗಿದ ಲೋಹದ ವಾಸನೆ ಕುಡಿದೇ ಬೆಳೆದವರು. ವಾರದಲ್ಲಿ ಆರು ದಿನ ಸರ್ಕಾರಕ್ಕೆ, ಏಳನೆಯ ದಿನ ಆ ಕಾರಿಗೆ. ಭಾನುವಾರ ಬೆಳಿಗ್ಗೆ ಏಳರ ಲೋಕಲ್ ಹತ್ತಿ, ಪುಣೆ ಸ್ಟೇಷನ್ನಿನಲ್ಲಿಳಿದು, ಅಲ್ಲಿಂದ ಕ್ಯಾಂಪಿಗೆ ನಡೆದು ಹೋಗುತ್ತಿದ್ದರು. ಹೀಗೆ ಇಪ್ಪತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ನನ್ನ ಪಾಲಿಗೆ ಬಂದ ಭಾನುವಾರಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅವುಗಳಲ್ಲಿ ಎರಡು ಅವರಿಗೆ ಜ್ವರ ಬಂದಿದ್ದಾಗಿನವು.

ಕಾರ್ಖಾನೆ ಕಟ್ಟಲು ಬಂದಿದ್ದ ಇಟಲಿಯ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಆ ಕಾರನ್ನು ಸಾಹೇಬರಿಗೆ ಬಿಟ್ಟುಹೋಗಿದ್ದ. ಸಾಹೇಬರಿಗೆ ಅದನ್ನು ಓಡಿಸುವ ಹುಚ್ಚು, ಅದಕ್ಕೆ ತಿಂಗಳಿಗೊಮ್ಮೆ ಕೈಕೊಡುವ ಚಟ. ಬಿಡಿಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ. ದೊಡ್ಡ ದೊಡ್ಡ ಗ್ಯಾರೇಜಿನವರು ಕೈಮುಗಿದ ಮೇಲೆ ಯಾರೋ ನನ್ನ ಗಂಡನ ಹೆಸರು ಹೇಳಿದರು.

ಮುರಿದ ಭಾಗವನ್ನು ಅವರು ಮರಾಠಿ ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ತರುತ್ತಿದ್ದರು. ಊಟಕ್ಕೆ ಕುಳಿತಾಗ ಅದು ತಾಟಿನ ಪಕ್ಕದಲ್ಲೇ ಇರಬೇಕು. ರೊಟ್ಟಿ ಮುರಿಯುತ್ತ ಅದನ್ನೇ ನೋಡುವರು, ಎಡಗೈಯಲ್ಲಿ ತಿರುಗಿಸುವರು.

"ಪಲ್ಯಾ ಹೆಂಗ ಆಗ್ಯಾದ್ರಿ?"

"ಹಲ್ಲು ಒಂದು ಸವದದ."

"ನನ್ನ ಹಲ್ಲಲ್ರೀ, ಪಲ್ಯಾ ಕೇಳಿದ್ನಿ."

"ಚೊಲೋ ಆಗ್ಯಾದ. ಸುಮ್ನಿರು ಒಂದೀಟು."

ನೋಡಿ ನೋಡಿ ಅದು ಕಣ್ಣಿಗೆ ಕುಳಿತ ಮೇಲೆ ಕಟ್ಟಿಗೆಯಲ್ಲಿ ಅದರ ಅಚ್ಚು ಕೆತ್ತುವರು. ರಜೆ ಹಾಕಿ ಬೆಳಗಾವಿಗೆ ಹೋಗಿ ಎರಕ ಹೊಯ್ಸಿಕೊಂಡು ಬರುವರು. ಆಮೇಲೆ ಹಿತ್ತಿಲಿನ ಶೆಡ್ಡಿನಲ್ಲಿ ವಾರಗಟ್ಟಲೆ ಅರದಿಂದ ಉಜ್ಜುವುದು. ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡರೆ ಮುಗಿಯುತ್ತಿರಲಿಲ್ಲ. ಅವರ ನಿಜವಾದ ಕೆಲಸ ಶುರುವಾಗುತ್ತಿದ್ದುದೇ ಅಲ್ಲಿಂದ. ಹೊಸ ಭಾಗ ಹೊಸದಾಗಿ ಕಾಣಬಾರದು. ಪಕ್ಕದ ಹಳೆಯ ಭಾಗಕ್ಕೆ ಎಷ್ಟು ವಯಸ್ಸಾಗಿದೆಯೋ ಇದಕ್ಕೂ ಅಷ್ಟೇ ಆಗಬೇಕು. ಅದಕ್ಕಾಗಿ ಒರಟು ಬಟ್ಟೆಯಿಂದ ತಿಕ್ಕುವರು, ಹುಣಸೆಹುಳಿಯಲ್ಲಿ ನೆನೆಯಿಡುವರು, ನನ್ನ ಹೊಲಿಗೆ ಡಬ್ಬಿಯ ಸೂಜಿಯಿಂದ ಕೂದಲಿನಷ್ಟು ತೆಳುವಾದ ಗೀರು ಎಳೆಯುವರು.

ಒಮ್ಮೆ ಸಾಹೇಬರು ಕಾರನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಗುದ್ದಿ, ಎಡಗಡೆಯ ಹಿಂದಿನ ದೀಪದ ಸುತ್ತಲಿನ ಹೊಳೆಯುವ ಬಳೆ ಚೂರಾಯಿತು. ಇವರು ಹಿತ್ತಾಳೆಯಲ್ಲಿ ಎರಕ ಹೊಯ್ಸಿ, ಭೋಸರಿಯ ಒಂದು ಕಾರ್ಖಾನೆಯಲ್ಲಿ ಕ್ರೋಮು ಹಾಕಿಸಿ, ಒಂದೂವರೆ ತಿಂಗಳಲ್ಲಿ ಜೋಡಿ ಮಾಡಿದರು. ಬಲಗಡೆಯದನ್ನೂ ಬಿಚ್ಚಿ ಎರಡನ್ನೂ ಮೇಜಿನ ಮೇಲಿಟ್ಟು, "ಯಾವುದು ನಂದು ಹೇಳ್ರಿ ಸಾಹೇಬ್ರ" ಎಂದು ಕೇಳಿದರಂತೆ. ಸಾಹೇಬರು ಕನ್ನಡಕ ಹಾಕಿ, ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಇಟಲಿಯದನ್ನು ತೋರಿಸಿದರಂತೆ. ಅವತ್ತು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದರು. ನಾನು ಮಗನನ್ನು ಹೆತ್ತಾಗಲೂ ಅಷ್ಟು ನಕ್ಕಿರಲಿಲ್ಲ.

"ಒಂದು ಗುರ್ತು ಹಾಕ್ರಿ," ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಒಳಗಿನ ಬಾಜೂ, ಯಾರಿಗೂ ಕಾಣಧಂಗ. ನಿಮ್ಮ ಹೆಸರಿಂದು ಒಂದು ಅಕ್ಷರ."

"ಗುರ್ತು ಹಾಕಿದ್ರ ಗುರ್ತು ಸಿಗತದಲ್ಲ," ಎನ್ನುತ್ತಿದ್ದರು. "ಸಿಗಬಾರ್ದು. ಸಿಕ್ಕರ ನಾ ಸೋತಂಗ."

ಸ್ಟಿಯರಿಂಗಿನ ಕಟ್ಟಿಗೆಯ ಬಳೆ ಬಿರುಕು ಬಿಟ್ಟಾಗ ಅದಕ್ಕೆ ಹೊಂದುವ ಮರ ಎಲ್ಲೂ ಸಿಗಲಿಲ್ಲ. ನನ್ನ ತವರಿನಿಂದ ಬಂದ ಬೀಟೆಮರದ ಮಂಚ ಇತ್ತು. ನಾನು ಅಕ್ಕನ ಮಗಳ ಮದುವೆಗೆ ಹೋಗಿ ಬರುವಷ್ಟರಲ್ಲಿ ಮಂಚಕ್ಕೆ ಮೂರೇ ಕಾಲು. ನಾಲ್ಕನೆಯ ಮೂಲೆಗೆ ಇಟ್ಟಿಗೆ ಪೇರಿಸಿ, ಮೇಲೆ ಬಟ್ಟೆ ಹೊದಿಸಿದ್ದರು. ಎಂಟು ದಿನ ನಾನು ಮಾತು ಬಿಟ್ಟೆ. ಅದು ಅವರಿಗೆ ಗೊತ್ತಾಗಿದ್ದು ಆರನೆಯ ದಿನ.

ಆ ಕಾರಿನಲ್ಲಿ ನನ್ನ ಕೈಯ ಕೆಲಸವೂ ಇತ್ತು. ಒಳಗಿನ ಚಾವಣಿಗೆ ಹೊಡೆದ ಬಟ್ಟೆ ಹರಿದು ಜೋತುಬಿದ್ದಿತ್ತು. ಒಳಗಿನ ತಂತಿ ಕಮಾನುಗಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಕೂರಿಸುವ ಬಟ್ಟೆ ಅದು. ಐದು ಗಜ ಮಾಂಜರಪಾಟ ತಂದೆವು, ಅದೇ ದಪ್ಪನೆಯ ಬಿಳಿ ಅರಿವೆ. ಹಳೆಯ ಬಟ್ಟೆಯ ಬಣ್ಣ ಬರಬೇಕಲ್ಲ, ಚಹಾಪುಡಿ ಕುದಿಸಿ ಅದರಲ್ಲಿ ಅದ್ದಿದೆ. ಮೊದಲ ಸಲ ಕೈಯ ರೂಢಿಯಲ್ಲಿ ಸಕ್ಕರೆಯನ್ನೂ ಹಾಕಿಬಿಟ್ಟಿದ್ದೆ. ಒಣಹಾಕಿದ ಬಟ್ಟೆಗೆ ದೇಹೂ ರೋಡಿನ ಇರುವೆಗಳೆಲ್ಲ ಮುತ್ತಿದವು. ತೊಳೆದು ಮತ್ತೆ ಅದ್ದಿದೆ. ತಂತಿ ತೂರಿಸುವ ಬಟ್ಟೆಯ ಕೊಳವೆಗಳನ್ನು ಮಶಿನ್ನಿನಲ್ಲಿ ಹೊಲಿದು, ಅಂಚುಗಳನ್ನು ಕಾರಿನೊಳಗೆ ಅಂಗಾತ ಮಲಗಿ ಕೈಯಲ್ಲೇ ಹೊಲಿದೆ. ಹನ್ನೊಂದು ದಿನ ಆ ಕಾರಿನಲ್ಲಿದ್ದೆ. ಒಂದು ಗಜ ದೂರವೂ ಅದು ನನ್ನನ್ನು ಕರೆದೊಯ್ಯಲಿಲ್ಲ. ಸಾಹೇಬರು ಒಳ್ಳೆಯವರೇ. "ಒಂದು ದಿನ ನಿಮ್ಮಿಬ್ಬರನ್ನೂ ಸುತ್ತಾಡಿಸುತ್ತೇನೆ" ಎಂದು ಪ್ರತಿ ದಸರೆಗೂ ಹೇಳುತ್ತಿದ್ದರು. ಖಂಡೆಪೂಜೆಯ ದಿನ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ನಾವು ಲೋಕಲ್ ಹಿಡಿದು ವಾಪಸು ಬರುತ್ತಿದ್ದೆವು.

ಇಷ್ಟೆಲ್ಲ ಆದ ಮೇಲೆ, ಯಾವ ಸ್ಥಳೀಯ ಮೆಕ್ಯಾನಿಕ್‌ನ ಕೈಯೂ ತಾಗಿಲ್ಲವಂತೆ.

ಸೊಪ್ಪನ್ನು ಪಕ್ಕಕ್ಕೆ ಸರಿಸಿ ನನ್ನ ಫೋನು ತೆಗೆದುಕೊಂಡೆ. ಬಂಗಲೆಯ ಮಗಳ ನಂಬರು ಅದರಲ್ಲಿತ್ತು. ಮರಾಠಿಯಲ್ಲಿ ಎರಡೇ ಸಾಲು ಬರೆದೆ: "ಕಾರು ಚೆನ್ನಾಗಿ ಕಾಣುತ್ತಿದೆ. ಮೆಕ್ಯಾನಿಕ್‌ನ ಹೆಂಡತಿ ಇನ್ನೂ ಸತ್ತಿಲ್ಲ." ಓದದೆ ಕಳಿಸಿದೆ.

ಹತ್ತು ನಿಮಿಷದಲ್ಲಿ ಫೋನು ಬಂತು. ಅವಳು ಆಡಿದ್ದು ಮರಾಠಿ. ಐವತ್ತು ವರ್ಷ ಪುಣೆಯಲ್ಲಿದ್ದ ಕಿವಿಗೆ ಅದು ಕನ್ನಡದ ಹಾಗೆಯೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ.

"ಅಹೋ ಮಾವಶೀ, ಹೇಗಿದ್ದೀರಿ? ಎಷ್ಟು ದಿನವಾಯಿತು!"

ಪುಣೆಯಲ್ಲಿ ತಾಯಿಯ ತಂಗಿಗೂ ಮಾವಶಿ ಎನ್ನುತ್ತಾರೆ, ಪಾತ್ರೆ ತೊಳೆಯುವವಳಿಗೂ ಮಾವಶಿ ಎನ್ನುತ್ತಾರೆ. ಅವಳು ಫ್ರಾಕ್ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ನನ್ನನ್ನು ಹಾಗೆ ಕರೆಯುತ್ತಿದ್ದಾಳೆ. ಈಗ ಅವಳಿಗೂ ಅರವತ್ತು. ನಾನು ಯಾವ ಬಗೆಯ ಮಾವಶಿ ಎಂದು ಎಂದೂ ಕೇಳಿಲ್ಲ.

"ಜಾಹೀರಾತಿನಲ್ಲಿ ಸುಳ್ಳು ಬರೆದಿದ್ದೀಯಲ್ಲ," ಎಂದೆ.

"ಸುಳ್ಳಲ್ಲ ಮಾವಶೀ, ಹಾಗೆ ಬರೆಯಬೇಕಾಗುತ್ತದೆ. ಅಸಲಿ ಇದ್ದರೆ ಮಾತ್ರ ಕೇಳುತ್ತಾರೆ. ಇಂಥ ಕಾರು ಕೊಳ್ಳುವವರು ಹುಚ್ಚರು. ಅವರಿಗೆ ಇಟಲಿಯ ತುಕ್ಕು ಬೇಕು, ನಮ್ಮ ಬಂಗಾರ ಬೇಡ."

"ಅವರು ಇಪ್ಪತ್ತಾರು ವರ್ಷ..."

"ನನಗೆ ಗೊತ್ತಿಲ್ಲವೇ? ಕಾಕಾ ಇಲ್ಲದಿದ್ದರೆ ಈ ಕಾರು ಎಂದೋ ಗುಜರಿಗೆ ಹೋಗುತ್ತಿತ್ತು. ಆದರೆ ಈಗ ನಾನು ಬಂಗಲೆ ಬಿಡಬೇಕು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕಾರು ಎಲ್ಲಿಡಲಿ?"

ಅವಳ ದನಿ ನಿಜಕ್ಕೂ ಒಡೆದಿತ್ತು. ಆಮೇಲೆ ವಿಷಯಕ್ಕೆ ಬಂದಳು. ಕೊಳ್ಳುವವರ ಪರವಾಗಿ ಮುಂಬೈಯಿಂದ ಒಬ್ಬ ಪರೀಕ್ಷಕ ಬರುತ್ತಾನೆ. ಕಾರನ್ನು ಹತ್ತಿರದಿಂದ ಬಲ್ಲ ಹಳೆಯ ಜನ ಯಾರಾದರೂ ಇದ್ದರೆ ಮಾತಾಡಬೇಕು ಎಂದಿದ್ದಾನೆ. ನಾನು ಹೋಗಬೇಕು. ಕೇಳಿದರೆ ಕಾಕಾ ಬರೀ ಒರೆಸುತ್ತಿದ್ದರು, ಎಣ್ಣೆ ಬಿಡುತ್ತಿದ್ದರು ಎನ್ನಬೇಕು.

"ಬರೀ ಒರೆಸುತ್ತಿದ್ದರೇ?"

"ಅಷ್ಟು ಹೇಳಿ ಸಾಕು. ನೋಡಿ, ಇಂಥ ಕಾರಿಗೆ ಒಂದು ಪುಸ್ತಕ ಮಾಡುತ್ತಾರೆ. ಯಾರು ಕೊಂಡರು, ಯಾರು ಓಡಿಸಿದರು, ಯಾರು ನೋಡಿಕೊಂಡರು, ಎಲ್ಲ ಫೋಟೊ ಸಮೇತ. ಕಾರು ಯಾವ ದೇಶಕ್ಕೆ ಹೋದರೂ ಆ ಪುಸ್ತಕ ಅದರ ಜೊತೆಗೇ ಹೋಗುತ್ತದೆ. ಅದರಲ್ಲಿ ಕಾಕಾರ ಫೋಟೊ ಹಾಕಿಸುತ್ತೇನೆ. ನನ್ನ ಮಾತು."

ಆಸೆಯಾಯಿತು. ಮುಚ್ಚಿಡುವುದೇಕೆ? ಕಾರಿನ ಜೊತೆ ಅವರಿರುವ ಫೋಟೊ ಒಂದೇ ಒಂದು ಇದೆ, ಸಾಹೇಬರು ತೆಗೆದದ್ದು. ಬನಿಯನ್ನಿನಲ್ಲಿ ಬಾನೆಟ್ಟಿನೊಳಗೆ ಬಗ್ಗಿದ್ದಾರೆ, ಅರ್ಧ ಮುಖ ಮಾತ್ರ ಕಾಣುತ್ತದೆ. ಆ ಅರ್ಧ ಮುಖವಾದರೂ ಕಾರಿನ ಜೊತೆಗೆ ಇರಲಿ ಎನ್ನಿಸಿತು. ಹೂಂ ಎಂದೆ.

ಮೊಮ್ಮಗಳು ಸೊಪ್ಪಿನ ಕಡ್ಡಿ ಆರಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು.

"ಅಂದ್ರ ಪುಸ್ತಕದಾಗ ಅಜ್ಜ ಒರಸೂಂವ ಅಂತ ಬರತದ. ಅದು ಬೇಕೇನು ನಿನಗ?"

"ಏನೂ ಇಲ್ಲದಕ್ಕಿಂತ ಏನರೆ ಇರಲಿ."

"ನಿನ್ನ ಬಾಯಿ ಸುಮ್ನ ಇರತದೇನು ಅಲ್ಲಿ?"

"ನನ್ನ ಬಾಯಿಗೇನಾಗೇದ?"

ಅವಳು ನಕ್ಕಳು.

ಗುರುವಾರ ಬೆಳಿಗ್ಗೆ ರಿಕ್ಷಾದಲ್ಲಿ ನನ್ನನ್ನು ಕ್ಯಾಂಪಿನ ಬಂಗಲೆಗೆ ಮೊಮ್ಮಗಳೇ ಬಿಟ್ಟು ಕಾಲೇಜಿಗೆ ಹೋದಳು. ಪೋರ್ಟಿಕೋದಲ್ಲಿ ತಾಡಪತ್ರಿಯ ಹೊದಿಕೆ ತೆಗೆದು ಕಾರನ್ನು ತೊಳೆದು ನಿಲ್ಲಿಸಿದ್ದರು. ನನಗೊಂದು ಕುರ್ಚಿ ಹಾಕಿದ್ದರು, ಕಾರಿಗೆ ಹತ್ತು ಹೆಜ್ಜೆ ದೂರದಲ್ಲಿ. ಫೋಟೊವನ್ನು ಲಕೋಟೆಯಲ್ಲಿ ಹಾಕಿ ತಂದಿದ್ದೆ. ಬಂಗಲೆಯ ಮಗಳು ಅದನ್ನು ಇಸಿದುಕೊಂಡು, ನನ್ನ ಕೈ ಅದುಮಿ, "ಒರೆಸುತ್ತಿದ್ದರು, ಅಷ್ಟೇ" ಎಂದು ಕಿವಿಯಲ್ಲಿ ಹೇಳಿದಳು.

ಪರೀಕ್ಷಕ ಐವತ್ತರ ಆಸುಪಾಸಿನವನು. ತುಂಬ ಸಭ್ಯ. ಬಂದವನೇ ಬಗ್ಗಿ ನನಗೆ ನಮಸ್ಕರಿಸಿದ. ಬಿಳಿಯ ಕೈಗವಸು ಹಾಕಿ, ಟಾರ್ಚು, ಒಂದು ಸಣ್ಣ ಅಯಸ್ಕಾಂತ, ಹಲ್ಲಿನ ಡಾಕ್ಟರ ಬಳಿ ಇರುವಂಥ ಪುಟ್ಟ ಕನ್ನಡಿ ಹೊರಗಿಟ್ಟ. ಎರಡು ತಾಸು ಕಾರಿನ ಕೆಳಗೆ, ಮೇಲೆ, ಒಳಗೆ ನೋಡಿದ. ನಡುವೆ ನನ್ನ ಹತ್ತಿರ ಬಂದು ಕೇಳಿದ.

"ಆಜಿ, ನಿಮ್ಮ ಯಜಮಾನರು ಇದಕ್ಕೆ ಏನೇನು ಮಾಡುತ್ತಿದ್ದರು?"

"ಒರೆಸುತ್ತಿದ್ದರು," ಎಂದೆ. "ಎಣ್ಣೆ ಬಿಡುತ್ತಿದ್ದರು."

ಹೇಳಿದ ಮೇಲೆ ನೀರು ಕೇಳಿದೆ. ಬಂಗಲೆಯ ಮಗಳು ತಾನೇ ಓಡಿಹೋಗಿ ತಂದಳು. ಅವಳ ಕೈಯಿಂದ ನಾನು ನೀರು ಕುಡಿದದ್ದು ಅದೇ ಮೊದಲು.

ಅವನು ಒಳಗೆ ಕುಳಿತು ಟಾರ್ಚನ್ನು ಚಾವಣಿಗೆ ಬಿಟ್ಟ. ಬಟ್ಟೆಯನ್ನು ಬೆರಳಿನಿಂದ ಸವರಿ, "ಬಣ್ಣ ಎಷ್ಟು ಚೆನ್ನಾಗಿ ಮಾಗಿದೆ, ಇದು ಕಾಲದ ಕೆಲಸ" ಎಂದ. ನನಗೆ ನಗು ಉಕ್ಕಿ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿದೆ. ಅಲ್ಲಿಯವರೆಗೆ ನನ್ನ ಬಾಯಿ ಸರಿಯಾಗಿಯೇ ಇತ್ತು.

ಆಮೇಲೆ ಅವನು ಕಾರಿನ ಹಿಂದೆ ಹೋಗಿ ಮೊಣಕಾಲೂರಿ ಕುಳಿತ. ಬಲಗಡೆಯ ದೀಪದ ಬಳೆ ನೋಡಿದ. ಅದರ ಮೈಮೇಲೆಲ್ಲ ಸಿಡುಬಿನ ಕಲೆಯಂತೆ ಗುಳಿಗಳು ಬಿದ್ದಿದ್ದವು. ಎಡಗಡೆಗೆ ಬಂದ. ಬಹಳ ಹೊತ್ತು ನೋಡಿದ. ಕನ್ನಡಿ ಹಿಡಿದು ಒಳಬದಿ ನೋಡಿದ. ಕೈಗವಸು ತೆಗೆದು ಬರಿ ಬೆರಳಿನಿಂದ ಮುಟ್ಟಿದ. ಅವನ ಮುಖ ಮೃದುವಾಯಿತು.

"ಮೇಡಂ, ಇಲ್ಲಿ ಬನ್ನಿ," ಎಂದು ಬಂಗಲೆಯ ಮಗಳನ್ನು ಕರೆದ. "ಆಜಿ, ನೀವೂ ಬನ್ನಿ. ಬಲಗಡೆಯದು ಹಾಳಾಗಿದೆ. ಆದರೆ ಇದನ್ನು ನೋಡಿ. ಈ ಅಂಚಿನ ತಿರುವು ನೋಡಿ. ಇದು ಇಟಲಿಯ ಕೈ. ನಮ್ಮ ದೇಶದಲ್ಲಿ ಹೀಗೆ ಮಾಡುವವನು ಅಂದೂ ಇರಲಿಲ್ಲ, ಇಂದೂ ಇಲ್ಲ. ಈ ಗೀರು ನೋಡಿ, ಐವತ್ತು ವರ್ಷದ ವಯಸ್ಸು. ಇದನ್ನು ಯಾರೂ ಸೃಷ್ಟಿಸಲು ಆಗುವುದಿಲ್ಲ."

"ಅದು ನನ್ನ ಸೂಜೀಲೆ ಎಳದದ್ದೋ ತಮ್ಮಾ!"

ಕನ್ನಡದಲ್ಲೇ ಬಂತು. ಅವನಿಗೆ ಅರ್ಥವಾಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಉಳಿಯುತ್ತಿತ್ತು. ಬಂಗಲೆಯ ಮಗಳು "ಮಾವಶೀ, ಬಸಾ, ಬಸಾ" ಎಂದು ನನ್ನನ್ನು ಕುರ್ಚಿಯ ಕಡೆಗೆ ಎಳೆಯುತ್ತಿದ್ದಳು. ಆದರೆ ಅಂದೂ ಇರಲಿಲ್ಲ, ಇಂದೂ ಇಲ್ಲ ಎಂದನಲ್ಲ! ನಾನು ಅವಳ ಕೈ ಕೊಡವಿಕೊಂಡು ಮರಾಠಿಯಲ್ಲಿ ಹೇಳಿದೆ. ಈ ಬಳೆಯ ಎರಕ ಬೆಳಗಾವಿಯದು. ಕ್ರೋಮು ಭೋಸರಿಯದು. ಕೈ ನನ್ನ ಗಂಡನದು.

ಅವನು ನನ್ನನ್ನೇ ದಿಟ್ಟಿಸಿದ. ಆಮೇಲೆ ಬಳೆಯನ್ನು ಇನ್ನೊಮ್ಮೆ ನೋಡಿದ. "ಅಸಾಧ್ಯ," ಎಂದ ಮೆಲ್ಲಗೆ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ.

ಬರೆದುಕೊಂಡನಲ್ಲ, ಅದು ನನ್ನ ತಲೆ ತಿರುಗಿಸಿತು. ಅವರ ಇಪ್ಪತ್ತಾರು ವರ್ಷದ ಕೆಲಸವನ್ನು ಕಾಗದದ ಮೇಲೆ ಬರೆದುಕೊಂಡ ಮೊದಲ ಮನುಷ್ಯ ಇವನು.

"ಇನ್ನೂ ಇದೆಯೇ ಆಜಿ?" ಎಂದು ಗೌರವದಿಂದ ಕೇಳಿದ.

ಇತ್ತು. ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಕಿಟಕಿ ಏರಿಸುವ ಹಿಡಿಕೆ, ಅದರೊಳಗಿನ ಹಲ್ಲುಚಕ್ರ, ಪೆಟ್ರೋಲು ಟಾಕಿಯ ಮುಚ್ಚಳ, ನೀರಿನ ಪಂಪಿನ ರೆಕ್ಕೆ. ನನ್ನ ತವರಿನ ಮಂಚದ ಕಾಲು ಈಗ ಸ್ಟಿಯರಿಂಗಿನಲ್ಲಿ ಹೇಗೆ ಸುತ್ತುತ್ತದೆ ಎಂಬುದನ್ನು ಹೇಳಿದಾಗ ಅವನು ಜೋರಾಗಿ ನಕ್ಕ, ನಾನೂ ನಕ್ಕೆ. ಅವನು ಪ್ರತಿಯೊಂದನ್ನೂ ಬರೆದುಕೊಂಡ, ಎದುರಿಗೆ ಅಂಕಿ ಹಾಕಿದ. ಹಾಳೆ ತುಂಬುತ್ತಿತ್ತು. ನನಗೆ ಇನ್ನೂ ತುಂಬಲಿ ಎಂಬ ಆಸೆ. ಮರೆತಿದ್ದನ್ನು ನೆನಪಿಸಿಕೊಂಡು ಹೇಳಿದೆ. ಕೊನೆಗೆ ನಾಚಿಕೆ ಬಿಟ್ಟು ಚಾವಣಿಯನ್ನೂ ಹೇಳಿದೆ, ಚಹಾವನ್ನೂ, ಸಕ್ಕರೆಯನ್ನೂ, ಇರುವೆಯನ್ನೂ. ಅದನ್ನೂ ಬರೆದುಕೊಂಡ.

ಬಂಗಲೆಯ ಮಗಳು ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು, ನೋಡಲಿಲ್ಲ.

ಅವನು ಪುಸ್ತಕ ಹಿಡಿದು ಅವಳ ಹತ್ತಿರ ಹೋದ. ಅದೇ ಸಭ್ಯ ದನಿ.

"ಮೇಡಂ, ಒಟ್ಟು ಹತ್ತೊಂಬತ್ತು ದೋಷಗಳಿವೆ. ಓದುತ್ತೇನೆ. ಒಂದು, ಎಡಗಡೆಯ ಹಿಂದಿನ ದೀಪದ ಬಳೆ, ನಕಲಿ. ಎರಡು, ಕಿಟಕಿಯ ಹಿಡಿಕೆ, ನಕಲಿ. ಮೂರು..."

ನಾನು ಸನ್ಮಾನಪತ್ರ ಎಂದುಕೊಂಡಿದ್ದೆ. ಅವನು ಬರೆದದ್ದು ಆರೋಪಪಟ್ಟಿ. ಒಂದೊಂದನ್ನೂ ನಾನೇ ಕೈಮಾಡಿ ತೋರಿಸಿದ್ದೆ. ಹತ್ತೊಂಬತ್ತನೆಯದು ನನ್ನದು: ಚಾವಣಿ, ಚಹಾ ಬಳಿದ ಹತ್ತಿಬಟ್ಟೆ, ತೆಗೆದುಹಾಕತಕ್ಕದ್ದು. ಪಟ್ಟಿ ಮುಗಿಸಿ ಅವನು ನನ್ನ ಕಡೆ ತಿರುಗಿದ. ಅವನಲ್ಲಿ ಕಪಟವಿರಲಿಲ್ಲ. ಅವನ ಕಸುಬೇ ಅದು.

"ಆಜಿ, ನಿಮ್ಮಿಂದ ತುಂಬಾ ಉಪಕಾರವಾಯಿತು. ಇಲ್ಲದಿದ್ದರೆ ನಾನು ಮೋಸಹೋಗುತ್ತಿದ್ದೆ. ಇಷ್ಟೇನಾ, ಇನ್ನೇನಾದರೂ ಉಳಿದಿದೆಯೇ?"

"ಇಲ್ಲ," ಎಂದೆ. "ಉಳಿದದ್ದನ್ನೆಲ್ಲ ಅವರು ಬರೀ ಒರೆಸುತ್ತಿದ್ದರು."

ಸುಳ್ಳು. ಇನ್ನೊಂದಿತ್ತು. ಅವರು ಮಾಡಿದ್ದರಲ್ಲೆಲ್ಲ ಅದೇ ಕಷ್ಟದ್ದು. ಅದನ್ನು ಕೊನೆಗೆ ಹೇಳೋಣ ಎಂದು ಇಟ್ಟುಕೊಂಡಿದ್ದೆ, ಹಬ್ಬದ ಊಟದಲ್ಲಿ ಹೋಳಿಗೆಯನ್ನು ಹಿಂದೆ ಉಳಿಸಿಕೊಳ್ಳುವ ಹಾಗೆ. ಇಲ್ಲ ಎಂದಾಗ ನಾನು ಕಾರಿನ ಕಡೆ ನೋಡಲಿಲ್ಲ, ಎಲ್ಲಿ ಕಣ್ಣು ಅಲ್ಲಿಗೇ ಹೋಗಿಬಿಡುತ್ತದೋ ಎಂದು ಹೆದರಿ ನನ್ನ ಚಪ್ಪಲಿ ನೋಡುತ್ತಿದ್ದೆ.

ಅವನು ಹೊರಟ ಮೇಲೆ ಬಂಗಲೆಯ ಮಗಳು ಬಂದು ನನ್ನ ಎದುರಿಗೆ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎದುರು ಮಾತಾಡಲು ನನಗೂ ಬರುತ್ತದೆ.

"ಅಪ್ಪನಿಗೆ ಕಾಕಾ ಎಂದರೆ ಪ್ರಾಣ," ಎಂದಳು. "ನಾನು ಅವರ ಕೆಲಸವನ್ನು ಕಾರಿನಲ್ಲೇ ಉಳಿಸುತ್ತಿದ್ದೆ ಮಾವಶೀ. ನೀವು ತೆಗೆಸಿದಿರಿ."

"ನೀನು ಕೈಯೇ ತಾಗಿಲ್ಲ ಎಂದು ಬರೆದೆ."

"ಬರೆದೆ. ಅದಕ್ಕೇ ಉಳಿಯುತ್ತಿತ್ತು."

ನಾನು ಸೆರಗು ಸರಿಮಾಡಿಕೊಂಡು ಹೊರಟೆ. ಅವಳು ರಿಕ್ಷಾ ತರಿಸಿಕೊಟ್ಟಳು, ಗೇಟಿನವರೆಗೆ ಬಂದಳು, ಹೋಗಿಬನ್ನಿ ಎನ್ನಲಿಲ್ಲ.

ಕಾರು ಮಾರಾಟವಾಯಿತು. ಅವಳು ಎಣಿಸಿದ್ದಕ್ಕಿಂತ ಎಷ್ಟೋ ಕಡಿಮೆಗೆ ಹೋಯಿತು ಎಂದು ಕ್ಯಾಂಪಿನವರೊಬ್ಬರಿಂದ ತಿಳಿಯಿತು. ಎರಡು ತಿಂಗಳ ನಂತರ ನಮ್ಮ ಮನೆಗೆ ಕೊರಿಯರಿನಲ್ಲಿ ಲಕೋಟೆ ಬಂತು. ಒಳಗೆ ಆ ಅರ್ಧ ಮುಖದ ಫೋಟೊ. ಚೀಟಿಯಿಲ್ಲ, ಏನಿಲ್ಲ. ಮೊಮ್ಮಗಳು ಅದನ್ನು ನೋಡಿ ಮತ್ತೆ ಲಕೋಟೆಯೊಳಗೇ ಹಾಕಿಟ್ಟಳು. ಅದೇ ನನಗೆ ಹೆಚ್ಚು ಚುಚ್ಚಿತು.

ಆ ಪರೀಕ್ಷಕನಿಗೆ ನಾನು ಒಂದು ಸಂದೇಶ ಬರೆದೆ. ಮೊಮ್ಮಗಳು ಎಲ್ಲಿಂದಲೋ ನಂಬರು ಹುಡುಕಿ ಕೊಟ್ಟಿದ್ದಳು. ಕಿತ್ತ ಭಾಗಗಳು ನಿಮಗೆ ಬೇಡವಾದರೆ ನನಗೆ ಬೇಕು, ಕಡೆಗೆ ಬಳೆಯೊಂದಾದರೂ ಎಂದು. ಅದನ್ನು ಬರೆಯಲು ಒಂದು ತಾಸು ಹಿಡಿಯಿತು. ಅವನು ಸಂಜೆಯೊಳಗೆ ಉತ್ತರಿಸಿದ. ಕ್ಷಮಿಸಿ ಆಜಿ, ಕೆಲಸ ಮಾಡಿದ ಗ್ಯಾರೇಜಿನವರು ಅವನ್ನೆಲ್ಲ ಗುಜರಿಗೆ ಹಾಕಿದ್ದಾರೆ. ಬಳೆಗೆ ಇಟಲಿಯಿಂದಲೇ ಹಳೆಯದೊಂದನ್ನು ತರಿಸಿದೆವು, ನಿಮ್ಮ ಯಜಮಾನರದಷ್ಟು ಚೆನ್ನಾಗಿಲ್ಲ, ಗುಳಿಬಿದ್ದಿದೆ, ಆದರೆ ಅಸಲಿ. ಕೊನೆಗೆ ಕೈಮುಗಿದ ಚಿತ್ರ.

ಈಚೆಗೆ ಮೊಮ್ಮಗಳು ಒಂದು ವಿಡಿಯೊ ತೋರಿಸಿದಳು. ಯಾವುದೋ ಊರಿನಲ್ಲಿ ಹಳೆಯ ಕಾರುಗಳ ಮೆರವಣಿಗೆ. ಬದನೆಕಾಯಿ ಬಣ್ಣದ ಕಾರು ಸದ್ದಿಲ್ಲದಷ್ಟು ಹದವಾಗಿ ಹೋಗುತ್ತಿತ್ತು. ಕೆಳಗೆ ಜನ ಬರೆದಿದ್ದರು: ಪೂರ್ತಿ ಅಸಲಿ, ಅಪ್ಪಟ ಇಟಲಿ. ನಾನು ಶಬ್ದ ಜೋರು ಮಾಡಿಸಿ ಕಿವಿಗಿಟ್ಟುಕೊಂಡೆ. ಗೊತ್ತಾಯಿತು. ಅವತ್ತು ನಾನು ಹೇಳದೆ ಉಳಿಸಿದ ಇಪ್ಪತ್ತನೆಯದು ಇನ್ನೂ ಅದರಲ್ಲೇ ಇದೆ, ಕೆಲಸ ಮಾಡುತ್ತಿದೆ.

"ಯಾವುದು ಅಜ್ಜಿ? ನನಗರೆ ಹೇಳು."

"ನೀ ಫೋನಿನ್ಯಾಗ ಹಾಕ್ತಿ."

"ಹಾಕೂದಿಲ್ಲ, ದೇವರಾಣಿ."

"ನಾನೂ ಅವತ್ತು ಹೇಳೂದಿಲ್ಲ ಅಂತನ ಹೋಗಿದ್ನಿ."

ಅವಳಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಆ ಮುಂಬೈಯವನಿಗೆ ಕನ್ನಡ ಓದುವವರು ಸಿಗುವುದು ಕಷ್ಟವೇನಲ್ಲ. ನನ್ನ ಗಂಡ ಗೆದ್ದರು ಎಂದು ಒಂದೊಂದು ದಿನ ಅನ್ನಿಸುತ್ತದೆ. ಗುರುತು ಸಿಗಬಾರದು ಎಂದಿದ್ದರು, ಸಿಕ್ಕಿಲ್ಲ. ಆದರೆ ಅದಕ್ಕಾಗಿ ಅವರ ಹೆಂಡತಿಯೇ ಜನರ ಎದುರು ಎರಡು ಸಲ ಅವರನ್ನು ಒರೆಸುವವನು ಎನ್ನಬೇಕಾಯಿತು. ನಾನು ಹೋದ ದಿನ ಆ ಒಂದು ತುಂಡೂ ಇಟಲಿಯದಾಗುತ್ತದೆ. ಕಿತ್ತು ಗುಜರಿಗೆ ಹಾಕುವುದಕ್ಕಿಂತ ಅದೇ ವಾಸಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.